ಬಾಸುಂದಿಯ ಕಾಲಂ

ಮಂಗಳವಾರ ಬೆಳಿಗ್ಗೆ ಏಳಕ್ಕೆ
ಬನಹಟ್ಟಿಯ ಆ ಓಣಿಯಲ್ಲಿ ಮಗ್ಗಗಳು ನಿಂತಿದ್ದವು.
ಖಟಖಟ ಇಲ್ಲದಾಗ ನನ್ನ ಚಪ್ಪಲಿಯ ಸದ್ದಿಗೇ
ನಾಲ್ಕು ಬಾಗಿಲು ತೆರೆದವು.

ಹಿಂದಿನ ದಿನ ದುಂಡಪ್ಪ ಮುರಗೋಡರ ಮಗಳ ಕುಬಸ.
ನಾಲ್ಕೂವರೆಗೆ ಮೊದಲ ವಾಂತಿ.
ಆಮೇಲೆ ಆಟೋಗಳಲ್ಲಿ ಮೂವರು, ಐವರು,
ರಾತ್ರಿ ಸರ್ಕಾರಿ ದವಾಖಾನೆಯಲ್ಲಿ ಸ್ಟ್ಯಾಂಡು ಸಾಲದೆ
ಸಲೈನ್ ಬಾಟಲಿಗಳನ್ನು ಕಿಟಕಿಯ ಸರಳಿಗೆ ಕಟ್ಟಿದರು.

ಎಷ್ಟು ಗಂಟೆಗೆ ಉಂಡಿರಿ?
ಎಷ್ಟು ಗಂಟೆಗೆ ಶುರುವಾಯಿತು?
"ಗಡಿಯಾರ ಯಾರ ನೋಡ್ಯಾರ್ರಿ,
ಜಮಖಂಡಿ ಬಸ್ ಹ್ವಾದ ಮ್ಯಾಲ."
ನಾಲ್ಕು ನಲವತ್ತು, ಎಂದು ಬರೆದುಕೊಂಡೆ.
"ಬೋರಿನ ನೀರಿಂದರಿ."
"ದೃಷ್ಟಿ ತಾಗೇತಿ, ಬಸುರಿ ಮನಿ."
"ಬದನಿಕಾಯಿಗೆ ಎಣ್ಣಿ ಹೊಡದಿದ್ರು, ನಾ ನೋಡೇನಿ."
ನಾನು ಇಲ್ಲವೆನ್ನುವುದಿಲ್ಲ, ಹೌದೂ ಅನ್ನುವುದಿಲ್ಲ.
ಮಾದೇಲಿ? ತಿಂದೆ. ಅನ್ನ, ಸಾರು? ತಿಂದೆ. ಎಣ್ಣಿಗಾಯಿ?
ಬಾಸುಂದಿ?

ಏನೂ ಆಗದವರನ್ನೂ ಕೇಳಬೇಕು.
ಇದೊಂದು ಯಾರಿಗೂ ಒಪ್ಪಿಗೆಯಾಗುವುದಿಲ್ಲ.
"ನಾ ಗಟ್ಟಿ ಅದೀನಲ್ರಿ, ನನ್ನ ಹೆಸರ ಯಾಕ?"
ಬಾಗಿಲು ಮುಚ್ಚಿದವರ ಕಟ್ಟೆಯ ಮೇಲೆ
ನೀರು ಕೇಳಿ ಕುಡಿದು ಮತ್ತೆ ಕೇಳಿದೆ.

ಮಧ್ಯಾಹ್ನ ಅದೇ ಕಟ್ಟೆಯಲ್ಲಿ ಕೂತು ಕೂಡಿಸಿದೆ.
ಬಾಸುಂದಿ ತಿಂದವರು ಐವತ್ತೆಂಟು, ಮಲಗಿದವರು ನಲವತ್ತೊಂದು.
ತಿನ್ನದವರು ಇಪ್ಪತ್ಮೂರು, ಮಲಗಿದವರು ಇಬ್ಬರು.
ಆ ಇಬ್ಬರಲ್ಲಿ ಒಬ್ಬ ಎಂಟು ವರ್ಷದ ಹುಡುಗ,
ಅವ್ವ ಒಳಗೆ ಹೋದಾಗ ಕಿವಿಯಲ್ಲಿ ಹೇಳಿದ:
ತಿಂದಿಲ್ಲ, ಸೌಟು ನೆಕ್ಕಿದ್ದೆ.
ಇನ್ನೊಬ್ಬರದು ಇವತ್ತಿಗೂ ತಿಳಿದಿಲ್ಲ.

ಕೊಳಗವನ್ನು ಬೂದಿ ಹಾಕಿ ತಿಕ್ಕಿ ಬೋರಲು ಹಾಕಿದ್ದರು,
ಅದರಲ್ಲಿ ನನ್ನ ಮುಖ ಕಾಣುತ್ತಿತ್ತು.
ಎರಡನೇ ಪಾಳಿಗೆ ಹೋದ ಮಗನಿಗೆಂದು
ಪಕ್ಕದ ಮನೆಯ ಹಜರತಬಿ ಫ್ರಿಜ್ಜಿನಲ್ಲಿಟ್ಟ ಒಂದು ಡಬ್ಬಿ,
ಅದೊಂದೇ ಸಿಕ್ಕಿತು. ಐಸ್ ಪೆಟ್ಟಿಗೆಯಲ್ಲಿ ಬಾಗಲಕೋಟೆಗೆ ಹೋಯಿತು.

ಅಡುಗೆಯ ಸಾತವ್ವನ ತೋರುಬೆರಳಿಗೆ ಅರಿವೆ ಸುತ್ತಿತ್ತು.
"ಈಳಿಗಿ ಬಡದಿತ್ರಿ, ಶನಿವಾರ. ಕೀವಾಗೇತಿ."
ರವಿವಾರ ರಾತ್ರಿ ಹಾಲು ಬತ್ತಿಸಿದ್ದು,
ಕೆನೆ ಕೈಯಿಂದಲೇ ಮುರಿದದ್ದು, ಬೆಳಗಿನ ತನಕ ಒಲೆಯ ಮಗ್ಗುಲಲ್ಲೇ ಇಟ್ಟದ್ದು.
"ಮುಂಜಾನೆ ಮತ್ತ ಕುದಿಸೇನ್ರಿ. ಉಕ್ಕೂತನಕ ಕುದಿಸೇನಿ."
ಕುದಿಸಿದರೆ ಆ ಹುಳ ಸಾಯುತ್ತದೆ,
ಅದು ಉಗುಳಿಟ್ಟ ವಿಷ ಸಾಯುವುದಿಲ್ಲ.
ಮೂವತ್ತು ವರ್ಷ ಮಂದಿಯ ಮದುವೆ ಬೇಯಿಸಿದವಳಿಗೆ
ಇದನ್ನು ಹೇಳುವ ದನಿ ತರಬೇತಿಯಲ್ಲಿ ಕಲಿಸಿರಲಿಲ್ಲ.
ಅರಿವೆ ಬಿಚ್ಚಿ ಬೆರಳು ಚಾಚಿದಳು,
ಬಳೆ ತೊಡಿಸಿಕೊಳ್ಳುವವಳ ಹಾಗೆ.
ಹತ್ತಿಯ ಕಡ್ಡಿ ಒತ್ತಿ, ಶೀಷೆಯ ಮುಚ್ಚಳ ತಿರುವಿದೆ.
"ನನ್ನ ಹೆಸರ ಬರೀತೀರೇನ?"
ಇಲ್ಲ ಅಂದೆ. ಅಡುಗೆಯವರು, ಒಬ್ಬರು.

ಇನ್ನು ಆ ಇಪ್ಪತ್ಮೂರು.
ಆರು ಜನರಿಗೆ ಸಕ್ಕರೆ ಕಾಯಿಲೆ,
ಮಲಗಿಬಿಟ್ಟ ಮಕ್ಕಳು, ಹಾಲೆಂದರೆ ಆಗದವರು,
ಉಳಿದ ಒಂಬತ್ತು ಹೆಣ್ಣುಮಕ್ಕಳು.
ನೀಡಿದವರು. ಎಲ್ಲರದಾದ ಮೇಲೆ ಅವರು ತಾಟಿಗೆ ಕೂತಾಗ
ಹೊರಗೆ ಮೊದಲ ವಾಂತಿ, ಒಳಗೆ ಕೊಳಗ ಖಾಲಿ.
ಫಾರ್ಮಿನಲ್ಲಿ ಮೂರೇ ಮನೆ:
ತಿಂದರು, ತಿಂದಿಲ್ಲ, ನೆನಪಿಲ್ಲ.
ಅವರಿಲ್ಲದಿದ್ದರೆ ನನ್ನ ಲೆಕ್ಕ ಕೂಡುತ್ತಿರಲಿಲ್ಲ.
ತಿಂದಿಲ್ಲ, ಎಂದು ಒಂಬತ್ತು ಸಲ ಗೀಟು ಹಾಕಿದೆ.

ಕೊನೆಯ ಮನೆಯಲ್ಲಿ ಮಹಾನಂದಾ
ಅತ್ತೆಗೆ ಓಆರ್‌ಎಸ್ ಕಲಸುತ್ತಿದ್ದಳು.
ನಾನು ರಟ್ಟು ಮಡಚುವಾಗ ಮೆಲ್ಲಗೆ:
"ಅಕ್ಕಾರ, ಒಂದ ಕೇಳ್ತೀನಿ.
ನಲವತ್ತ ಮನಿ ಅಡ್ಡಾಡಿ ಬಂದೀರಿ.
ಹೆಂಗಿತ್ತಂತ್ರಿ ಬಾಸುಂದಿ?"

ಎಷ್ಟು ಸಲ, ಯಾವ ಬಣ್ಣ, ಜ್ವರ ಇತ್ತೋ ಇಲ್ಲವೋ,
ಎಲ್ಲ ಇತ್ತು ನನ್ನ ಕಾಗದದಲ್ಲಿ.
ಕೇಸರಿ ಹಾಕಿದ್ದರಂತೆ, ಅಂದೆ.
"ಅದು ಗೊತ್ತೈತಿ. ನೀಡಿದಾಕಿ ನಾನ, ವಾಸನಿ ಬಂದಿತ್ತು,"
ಅಂದವಳು ಚಮಚ ತಿರುವುತ್ತ,
ಅತ್ತೆಯ ತಲೆ ಎತ್ತಿ, ಲೋಟ ಹಿಡಿದಳು.